ಮೆಗ್ನೀಸಿಯಂ ಸ್ಯಾಂಪಲ್ ಪಾಲಿಶ್ ಮಾಡುವ ಬಗೆ: ಲ್ಯಾಬಿಗೆ ಹೊಸದಾಗಿ ಬರುವವರಿಗೆ

ಹಗುರ ಲೋಹಗಳ ಮೇಲೆ ಸಂಶೋಧನೆ ಮಾಡಲು ನಮ್ಮ ಲ್ಯಾಬಿಗೆ ಬರುವ ಎಂ.ಟೆಕ್. ಹುಡುಗರು, ಹುಡುಗಿಯರು ಮೊದಲು ಕೇಳುವುದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಸ್ಲಾಟ್ ಯಾವಾಗ ಸಿಗುತ್ತದೆ ಎಂದು. ನಾನು ಅವರ ಕೈಗೆ ಎಮರಿ ಪೇಪರ್ ಕೊಡುತ್ತೇನೆ. ಸ್ಟೀಲ್ ಆದರೆ ಪಾಲಿಶ್ ಸ್ವಲ್ಪ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ. ಮೆಗ್ನೀಸಿಯಂ ಹಾಗಲ್ಲ. ಜೋರಾಗಿ ಕೊಯ್ದರೆ ಒಳಗಿನ ಹರಳು ಬದಲಾಗುತ್ತದೆ, ನೀರು ತಾಗಿದರೆ ಕಲೆ ಬೀಳುತ್ತದೆ. ಅಲ್ಯೂಮಿನಿಯಂ ಆದರೆ ಬಿಸಿಯಾದಾಗ ಗಡಸುತನವೇ ಬೇರೆಯಾಗುತ್ತದೆ. ಇವೆಲ್ಲ ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತವೆ. ಆಮೇಲೆ ಯಾರೋ ಒಬ್ಬರು ಅದನ್ನು ಲೋಹದ ಗುಣ ಎಂದು ಥೀಸಿಸ್‌ನಲ್ಲಿ ಬರೆಯುತ್ತಾರೆ. ಅದು ಆಗಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಈ ಲೋಹ ಯಾಕೆ ಬೇಕು ಎನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಒಂದು ಘನ ಸೆಂಟಿಮೀಟರ್ ಸ್ಟೀಲ್ ಸುಮಾರು 7.85 ಗ್ರಾಂ ತೂಗುತ್ತದೆ, ಅಲ್ಯೂಮಿನಿಯಂ 2.7, ಮೆಗ್ನೀಸಿಯಂ 1.74. ಕಾರಿನ ಸ್ಟೀರಿಂಗ್ ಚಕ್ರದ ಒಳಗಿನ ಚೌಕಟ್ಟು, ಗೇರ್‌ಬಾಕ್ಸ್ ಕವಚ, ಲ್ಯಾಪ್‌ಟಾಪ್ ಮೈ ಇವೆಲ್ಲ ಮೆಗ್ನೀಸಿಯಂನಲ್ಲಿ ಬರುತ್ತವೆ. ಹಳೆಯ ವೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ ಕೇಸ್ ಕೂಡ ಮೆಗ್ನೀಸಿಯಂನದೇ ಆಗಿತ್ತು. ನಾವು ಹೆಚ್ಚಾಗಿ ಕೈಗೆತ್ತಿಕೊಳ್ಳುವುದು ಎರಡು ಮಿಶ್ರಲೋಹ. ಒಂದು ಎಜೆಡ್91. ಇದರಲ್ಲಿ ಶೇ 9ರಷ್ಟು ಅಲ್ಯೂಮಿನಿಯಂ, ಶೇ 1ಕ್ಕಿಂತ ಸ್ವಲ್ಪ ಕಡಿಮೆ ಸತು ಇರುತ್ತದೆ. ಇದು ಎರಕದ ಲೋಹ. ಇನ್ನೊಂದು ಎಜೆಡ್31, ಶೇ 3 ಅಲ್ಯೂಮಿನಿಯಂ, ಶೇ 1 ಸತು. ಇದು ಹಾಳೆಯಾಗಿ, ರಾಡ್ ಆಗಿ ಸಿಗುತ್ತದೆ.

ಕೊಯ್ಯುವಾಗ

ಹಾಳೆಯಿಂದ ತುಂಡು ಕೊಯ್ಯುವ ಮುಂಚೆ ಅದನ್ನು ರೋಲ್ ಮಾಡಿದ ದಿಕ್ಕನ್ನು ಗೀಚಿ ಗುರುತು ಮಾಡಿ. ಎಜೆಡ್31 ಹಾಳೆಯಲ್ಲಿ ಹರಳುಗಳು ಸಿಕ್ಕ ಸಿಕ್ಕ ಹಾಗೆ ನಿಂತಿರುವುದಿಲ್ಲ. ಬಹುಪಾಲು ಹರಳುಗಳ ತಳ ಹಾಳೆಗೆ ಸಮನಾಗಿ ಮಲಗಿರುತ್ತದೆ. ಯಾವ ಮುಖ ನೋಡುತ್ತಿದ್ದೀರಿ ಎಂದು ಗೊತ್ತಿಲ್ಲದಿದ್ದರೆ ಮುಂದಿನ ಕೆಲಸವೆಲ್ಲ ವ್ಯರ್ಥ.

ಮೆಗ್ನೀಸಿಯಂ ಹರಳು ಆರು ಮೂಲೆಯದು. ಲೋಹವನ್ನು ಒತ್ತಿದಾಗ ಹರಳಿನ ಪದರಗಳು ಒಂದರ ಮೇಲೊಂದು ಜಾರುತ್ತವೆ. ಅಲ್ಯೂಮಿನಿಯಂ ಹರಳಿಗೆ ಹಾಗೆ ಜಾರಲು ಬೇಕಾದಷ್ಟು ದಾರಿ ಇವೆ. ಮೆಗ್ನೀಸಿಯಂಗೆ ಸಾಮಾನ್ಯ ಉಷ್ಣತೆಯಲ್ಲಿ ಸುಲಭವಾಗಿ ಜಾರಲು ಸಿಗುವುದು ಹೆಚ್ಚುಕಡಿಮೆ ಆ ತಳದ ಮೇಲೆ ಮಾತ್ರ. ಬೇರೆ ಕಡೆಯಿಂದ ಒತ್ತಿದರೆ ಜಾರುವ ಬದಲು ಹರಳಿನ ಒಂದು ಪಟ್ಟಿಯೇ ವಾಲಿಕೊಂಡು ಬಿಡುತ್ತದೆ. ಅದೇ ಟ್ವಿನ್. ಮೈಕ್ರೋಸ್ಕೋಪಿನಲ್ಲಿ ಗ್ರೇನ್ ಒಳಗೆ, ಅಂದರೆ ಒಂದೊಂದು ಹರಳಿನ ಒಳಗೆ, ಎರಡೂ ತುದಿ ಚೂಪಾದ, ನಡುವೆ ಸ್ವಲ್ಪ ಉಬ್ಬಿದ ಪಟ್ಟೆಯ ಹಾಗೆ ಕಾಣುತ್ತದೆ. ಇದಕ್ಕೆ ದೊಡ್ಡ ಬಲವೇನೂ ಬೇಡ. ವೈಸ್‌ನಲ್ಲಿ ತುಂಡನ್ನು ಬಿಗಿಯಾಗಿ ಕಚ್ಚಿಸಿ ಹ್ಯಾಕ್ಸಾ ಎಳೆದರೆ ಸಾಕು, ಕೊಯ್ದ ಮುಖದ ಕೆಳಗೆ ಟ್ವಿನ್‌ಗಳು ತುಂಬಿಕೊಳ್ಳುತ್ತವೆ.

ಹಾಗಾಗಿ ನಿಧಾನವಾಗಿ ತಿರುಗುವ ಡೈಮಂಡ್ ಸಾ ಇದ್ದರೆ ಅದನ್ನೇ ಬಳಸಿ. ತೂಕ ಆದಷ್ಟು ಕಡಿಮೆ ಇರಲಿ, ತಂಪಿಗೆ ಎಣ್ಣೆ ಹಾಕಿ. ಒಂದು ತುಂಡಿಗೆ ಒಂದು ಗಂಟೆ ಹಿಡಿದರೂ ಪರವಾಗಿಲ್ಲ, ಅದನ್ನು ಬಿಟ್ಟು ಬೇರೆ ಕೆಲಸ ಮಾಡಿಕೊಳ್ಳಬಹುದು. ಅದು ಇಲ್ಲದಿದ್ದರೆ ಇಂಡಸ್ಟ್ರಿಯಲ್ ಏರಿಯಾದ ವೈರ್‌ಕಟ್ (ತಂತಿಯಿಂದ ವಿದ್ಯುತ್ ಕಿಡಿ ಹಾರಿಸಿ ಕೊಯ್ಯುವ) ಅಂಗಡಿಗೆ ಕೊಡಿ. ವೈರ್‌ಕಟ್‌ನಲ್ಲಿ ಒತ್ತಡ ಬೀಳುವುದಿಲ್ಲ, ಆದರೆ ಕಿಡಿಯ ಬಿಸಿಗೆ ಮೇಲ್ಮೈ ತೆಳುವಾಗಿ ಕರಗಿ ಮತ್ತೆ ಗಟ್ಟಿಯಾಗಿರುತ್ತದೆ. ಆ ಪದರವನ್ನು ಪೂರ್ತಿ ಉಜ್ಜಿ ತೆಗೆಯಬೇಕು. ನಾನು ಕಾಲು ಮಿಲಿಮೀಟರ್ ತೆಗೆಸುತ್ತೇನೆ. ಅಷ್ಟು ಬೇಡ ಎನ್ನುವವರು ಇದ್ದಾರೆ, ನನಗೆ ಅದು ಜಾಸ್ತಿ ಅನ್ನಿಸಿಲ್ಲ.

ಪುಡಿಯ ವಿಷಯ

ಇಲ್ಲಿ ಸ್ವಲ್ಪ ನಿಲ್ಲಿ. ಮೆಗ್ನೀಸಿಯಂ ಗಟ್ಟಿಗೆ ಬೆಂಕಿ ಹಚ್ಚುವುದು ಸುಲಭವಲ್ಲ, ಯಾಕೆಂದರೆ ಬಿಸಿ ಎಲ್ಲ ಕಡೆ ಹರಡಿಹೋಗುತ್ತದೆ. ಪುಡಿಯ, ತೆಳು ಸಿಪ್ಪೆಯ ಮಾತೇ ಬೇರೆ. ಪಟಾಕಿಯ ಬಿಳಿ ಬೆಳಕಿಗೆ ಮೆಗ್ನೀಸಿಯಂ, ಅಲ್ಯೂಮಿನಿಯಂ ಪುಡಿಯನ್ನೇ ಬಳಸುತ್ತಾರೆ ಎನ್ನುವುದು ನೆನಪಿರಲಿ. ಒಣ ಪುಡಿ ಮೇಜಿನ ಮೇಲೆ ರಾಶಿ ಬೀಳಲು ಬಿಡಬೇಡಿ. ಸ್ಟೀಲ್ ಉಜ್ಜಿ ಕಿಡಿ ಹಾರುವ ಗ್ರೈಂಡರ್‌ನಲ್ಲಿ ಮೆಗ್ನೀಸಿಯಂ ಹಿಡಿಯಲೇಬೇಡಿ. ಒದ್ದೆ ಪುಡಿಯನ್ನು ಮುಚ್ಚಳ ಬಿಗಿದ ಡಬ್ಬಿಯಲ್ಲಿ ಇಟ್ಟರೂ ಅಪಾಯ: ನೀರಿನೊಂದಿಗೆ ಸೇರಿ ಹೈಡ್ರೋಜನ್ ಬಿಡುತ್ತದೆ, ಒಳಗೆ ಒತ್ತಡ ಏರುತ್ತದೆ.

ಬೆಂಕಿ ಹತ್ತಿದರೆ ನೀರು ಹಾಕಬಾರದು. ಉರಿಯುವ ಮೆಗ್ನೀಸಿಯಂ ನೀರಿನಿಂದ ಆಮ್ಲಜನಕ ಕಿತ್ತುಕೊಂಡು ಹೈಡ್ರೋಜನ್ ಬಿಡುತ್ತದೆ, ಬೆಂಕಿ ಇನ್ನೂ ಜೋರಾಗುತ್ತದೆ. ಗೋಡೆಗೆ ನೇತುಹಾಕಿರುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರೂ ಬೇಡ, ಅದರೊಳಗೂ ಮೆಗ್ನೀಸಿಯಂ ಉರಿಯುತ್ತದೆ. ಲೋಹದ ಬೆಂಕಿಗೆಂದೇ ಇರುವ ಡಿ ವರ್ಗದ ಪುಡಿ ಬೇಕು. ಅದು ಇಲ್ಲದಿದ್ದರೆ ಒಣ ಮರಳು. ಮರಳು ನಿಜವಾಗಿ ಒಣಗಿರಬೇಕು. ಕರಾವಳಿಯ ಮಳೆಗಾಲದಲ್ಲಿ ಬಕೆಟ್ಟಿನ ಮರಳು ತೇವ ಎಳೆದುಕೊಂಡಿರುತ್ತದೆ, ಹಾಗಾಗಿ ನಮ್ಮಲ್ಲಿ ಅದನ್ನು ಓವನ್‌ನಲ್ಲಿ ಒಣಗಿಸಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇವೆ. ಲ್ಯಾಬಿಗೆ ಬಂದ ಮೊದಲ ದಿನವೇ ಆ ಡಬ್ಬಿ ಎಲ್ಲಿದೆ ಎಂದು ನೋಡಿಕೊಳ್ಳಿ.

ಮೌಂಟ್ ಮಾಡುವಾಗ

ಚಿಕ್ಕ ತುಂಡನ್ನು ಕೈಯಲ್ಲಿ ಹಿಡಿದು ಉಜ್ಜಲು ಆಗುವುದಿಲ್ಲ, ಅದನ್ನು ಪ್ಲಾಸ್ಟಿಕ್ ಬಿಲ್ಲೆಯಲ್ಲಿ ಕೂರಿಸಬೇಕು. ಎಲ್ಲ ಲ್ಯಾಬ್‌ಗಳಲ್ಲೂ ಬಿಸಿ ಮೌಂಟಿಂಗ್ ಪ್ರೆಸ್ ಇರುತ್ತದೆ. ಕಪ್ಪು ಬೇಕಲೈಟ್ ಪುಡಿ ಹಾಕಿ ಗುಂಡಿ ಒತ್ತಿದರೆ ಕೆಲವೇ ನಿಮಿಷದಲ್ಲಿ ಬಿಲ್ಲೆ ಸಿದ್ಧ. ಹಗುರ ಲೋಹಗಳಿಗೆ ಅದನ್ನು ಬಳಸಬೇಡಿ ಎನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ.

ಕಾರಣ ಎರಡು. ಆ ಪ್ರೆಸ್‌ನ ಒತ್ತಡಕ್ಕೇ ಮೆಗ್ನೀಸಿಯಂನಲ್ಲಿ ಟ್ವಿನ್ ಏಳಬಹುದು. ಎರಡನೆಯದು ಬಿಸಿ. ಪ್ರೆಸ್ ನಡೆಯುವುದು 150ರಿಂದ 180 ಡಿಗ್ರಿಯಲ್ಲಿ. 6061 ಎಂಬ ಅಲ್ಯೂಮಿನಿಯಂ ಮಿಶ್ರಲೋಹವನ್ನು 530 ಡಿಗ್ರಿಯಲ್ಲಿ ಕಾಯಿಸಿ, ನೀರಿನಲ್ಲಿ ತಣಿಸಿ, ಆಮೇಲೆ ಗಟ್ಟಿ ಮಾಡಲು ಏಜಿಂಗ್ (ಕೆಲವು ಗಂಟೆ ಹದವಾದ ಬಿಸಿಯಲ್ಲಿ ಇಡುವುದು) ಮಾಡುತ್ತೇವಲ್ಲ, ಅದೂ 160–175 ಡಿಗ್ರಿಯಲ್ಲೇ! ಈಗಷ್ಟೇ ತಣಿಸಿದ ತುಂಡನ್ನು ಪ್ರೆಸ್‌ಗೆ ಹಾಕಿದರೆ ಏಜಿಂಗ್ ಅಲ್ಲೇ ಶುರುವಾಗುತ್ತದೆ. ನಿಮ್ಮ ‘ಸೊನ್ನೆ ಗಂಟೆ’ ಗಡಸುತನದ ಅಂಕಿ ಸೊನ್ನೆ ಗಂಟೆಯದು ಆಗಿರುವುದಿಲ್ಲ. ತಾಮ್ರ ಇರುವ ಅಲ್ಯೂಮಿನಿಯಂಗೆ ಇಷ್ಟು ಬಿಸಿಯೂ ಬೇಡ. 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಕಂಡುಕೊಂಡದ್ದು ಇದನ್ನೇ: ತಣಿಸಿದ ತುಂಡು ಸುಮ್ನೆ ಇಟ್ಟಲ್ಲೇ, ಕೋಣೆಯ ಉಷ್ಣತೆಯಲ್ಲೇ, ಕೆಲವು ದಿನಗಳಲ್ಲಿ ಗಟ್ಟಿಯಾಗಿತ್ತು. ಡ್ಯುರಾಲುಮಿನ್ ಎಂಬ ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹ ಹುಟ್ಟಿದ್ದು ಅಲ್ಲಿಂದ. ಅಂಥ ಲೋಹದ ಸ್ಯಾಂಪಲ್‌ಗಳನ್ನು ತಣಿಸಿದ ಕೂಡಲೇ ಫ್ರೀಜರಿಗೆ ಹಾಕಿ, ಬೇಕಾದಾಗ ಮಾತ್ರ ತೆಗೆಯಿರಿ.

ಆದ್ದರಿಂದ ಎಪಾಕ್ಸಿ ಕಲಸಿ ತಣ್ಣಗೆ ಮೌಂಟ್ ಮಾಡಿ. ಎಪಾಕ್ಸಿ ಗಟ್ಟಿಯಾಗುವಾಗಲೂ ಬಿಸಿಯಾಗುತ್ತದೆ. ಕಪ್ ತುಂಬ ಒಮ್ಮೆಲೇ ಸುರಿದರೆ ಮುಟ್ಟಲಾಗದಷ್ಟು ಕಾಯುತ್ತದೆ, ಸ್ವಲ್ಪ ಸ್ವಲ್ಪವೇ ಹಾಕಿ. ಸಂಜೆ ಸುರಿದರೆ ಬೆಳಿಗ್ಗೆ ತೆಗೆಯಬಹುದು.

ಉಜ್ಜುವಾಗ

ಎಮರಿ ಪೇಪರ್ ಎಂದು ಬಾಯಿಮಾತಿಗೆ ಹೇಳಿದರೂ ಬಳಸುವುದು ಸಿಲಿಕಾನ್ ಕಾರ್ಬೈಡ್ ಪೇಪರ್. 400, 600, 800, 1200, 2000 ಈ ಕ್ರಮದಲ್ಲಿ ಹೋಗಿ. ಪ್ರತಿ ಪೇಪರಿಗೂ ತುಂಡನ್ನು 90 ಡಿಗ್ರಿ ತಿರುಗಿಸಿ. ಹಿಂದಿನ ಗೀರುಗಳು ಪೂರ್ತಿ ಹೋಗುವವರೆಗೆ ಉಜ್ಜಿ, ಆಮೇಲೆ ಮತ್ತೆ ಅಷ್ಟೇ ಹೊತ್ತು ಉಜ್ಜಿ. ಈ ಎರಡನೆಯ ಭಾಗವನ್ನು ಎಲ್ಲರೂ ಬಿಡುತ್ತಾರೆ. ಗೀರು ಕಣ್ಣಿಗೆ ಕಾಣದಂತಾದರೂ ಅದರ ಕೆಳಗೆ ನಲುಗಿದ ಪದರ ಇರುತ್ತದೆ, ಅದೂ ಹೋಗಬೇಕು.

ಒತ್ತಬೇಡಿ. ಬೆರಳಿನ ಭಾರ ಸಾಕು. ಮೆಗ್ನೀಸಿಯಂ, ಅಲ್ಯೂಮಿನಿಯಂ ಎರಡೂ ಮೆತ್ತನೆ ಲೋಹಗಳು. ಒತ್ತಿದರೆ ಪೇಪರಿನ ಕಣಗಳು ಕಿತ್ತುಬಂದು ಲೋಹದಲ್ಲೇ ಚುಚ್ಚಿಕೊಳ್ಳುತ್ತವೆ. ಪಾಲಿಶ್ ಆದ ಮೇಲೆ ಅವು ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ, ನೀವು ಅದನ್ನು ಎರಡನೆಯ ಫೇಸ್ (phase), ಅಂದರೆ ಲೋಹದೊಳಗೇ ಇರುವ ಬೇರೆ ಸಂಯುಕ್ತ, ಎಂದುಕೊಳ್ಳುತ್ತೀರಿ. ಪೇಪರಿನ ಮೇಲೆ ಮೊದಲು ಸ್ವಲ್ಪ ಮೇಣದಬತ್ತಿ ಉಜ್ಜಿದರೆ ಇದು ತುಂಬಾ ಕಡಿಮೆಯಾಗುತ್ತದೆ. ಸವೆದ ಪೇಪರನ್ನು ಉಳಿತಾಯ ಎಂದು ಮತ್ತೆ ಮತ್ತೆ ಬಳಸಬೇಡಿ, ಅದು ಕೊಯ್ಯುವುದಿಲ್ಲ, ಲೋಹವನ್ನು ಒರೆಸಿ ಎಳೆಯುತ್ತದೆ.

800ರವರೆಗೆ ನೀರು ಹರಿಸಿಕೊಳ್ಳಬಹುದು. ನೀರಿನಿಂದ ಆದ ಕಲೆಯನ್ನು ಮುಂದಿನ ಪೇಪರ್ ತೆಗೆದುಹಾಕುತ್ತದೆ. 1200ರಿಂದ ಮುಂದೆ ನೀರು ಬೇಡ, ಆಲ್ಕೊಹಾಲ್. ಶುದ್ಧ ಎಥನಾಲ್ ತರಿಸಲು ಅಬಕಾರಿ ಪರವಾನಗಿಯ ಗೋಜು ಇದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಸುಲಭವಾಗಿ ಸಿಗುತ್ತದೆ, ತೊಳೆಯಲು ಅದೇ ಸಾಕು.

ಪಾಲಿಶ್

3 ಮೈಕ್ರಾನ್ ಡೈಮಂಡ್, ಆಮೇಲೆ 1 ಮೈಕ್ರಾನ್. ಬಟ್ಟೆ ಬೇರೆ ಬೇರೆ ಇರಲಿ, ಅಲ್ಯೂಮಿನಿಯಂಗೆ ಒಂದು, ಮೆಗ್ನೀಸಿಯಂಗೆ ಇನ್ನೊಂದು. ಸ್ಟೀಲ್ ಪಾಲಿಶ್ ಮಾಡಿದ ಬಟ್ಟೆಯ ಹತ್ತಿರವೂ ಹೋಗಬೇಡಿ. ಎಣ್ಣೆಯದೋ ಆಲ್ಕೊಹಾಲಿನದೋ ಲೂಬ್ರಿಕೆಂಟ್ ಬಳಸಿ.

ಕೊನೆಯ ಹಂತಕ್ಕೆ ಕೊಲಾಯ್ಡಲ್ ಸಿಲಿಕಾ, ಅಂದರೆ ನೀರಿನಲ್ಲಿ ತೇಲುವ ಅತಿ ಸಣ್ಣ ಸಿಲಿಕಾ ಕಣಗಳ ದ್ರವ. ಅದು ನೀರಿನದೇ ಅಲ್ವಾ, ಹೇಗೆ ನಡೆಯುತ್ತದೆ ಎಂದು ಕೇಳುತ್ತಾರೆ. ಅದರ ಪಿಎಚ್ 10ರ ಆಸುಪಾಸಿನಲ್ಲಿರುತ್ತದೆ. ಕ್ಷಾರ ಹೆಚ್ಚಾದಷ್ಟೂ ಮೆಗ್ನೀಸಿಯಂ ಮೇಲೆ ಹೈಡ್ರಾಕ್ಸೈಡ್ ಪದರ ನಿಲ್ಲುತ್ತದೆ, ಲೋಹ ಕರಗುವುದು ಕಡಿಮೆಯಾಗುತ್ತದೆ. ನಲ್ಲಿ ನೀರಿನಲ್ಲಿ ಆ ರಕ್ಷಣೆ ಇಲ್ಲ. ಆದರೂ ಒಂದೆರಡು ನಿಮಿಷಕ್ಕಿಂತ ಜಾಸ್ತಿ ಬೇಡ. ಮುಗಿದ ಕ್ಷಣವೇ ಆಲ್ಕೊಹಾಲ್ ಸುರಿದು, ಆಲ್ಕೊಹಾಲಿನಲ್ಲಿ ನೆನೆಸಿದ ಹತ್ತಿಯಿಂದ ಒಮ್ಮೆ ಮೆಲ್ಲಗೆ ಸವರಿ. ಸಿಲಿಕಾ ಒಣಗಿದರೆ ಬಿಳಿ ಪೊರೆಯಾಗಿ ಅಂಟಿಕೊಳ್ಳುತ್ತದೆ, ಆಮೇಲೆ ಹೋಗುವುದಿಲ್ಲ.

ಒಣಗಿಸಲು ಹೇರ್ ಡ್ರೈಯರ್ ಇಟ್ಟುಕೊಳ್ಳಿ. ಗಾಳಿ ತಣ್ಣಗಿರಲಿ. ತುಂಡನ್ನು ವಾರೆ ಹಿಡಿದು ದ್ರವ ಒಂದೇ ಅಂಚಿಗೆ ಓಡುವ ಹಾಗೆ ಊದಿ. ನೇರ ಮೇಲಿನಿಂದ ಊದಿದರೆ ಹನಿ ಅಲ್ಲೇ ಕೂತು ಉಂಗುರದ ಕಲೆ ಬಿಡುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಇದಿಷ್ಟೂ ಸಾಕಾಗುವುದಿಲ್ಲ. ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಮುಖ ರಾತ್ರಿ ಕಳೆಯುವುದರೊಳಗೆ ಮಂಕಾಗುತ್ತದೆ. ಸಮುದ್ರದ ಗಾಳಿಯ ಉಪ್ಪು ತಾಗಿದರೆ ಸಣ್ಣ ಗುಳಿಗಳೂ ಬೀಳುತ್ತವೆ. ಸ್ಯಾಂಪಲ್‌ಗೆ ತೇವ ತಾಗದಂತೆ ಇಡುವ ಡೆಸಿಕೇಟರ್‌ನಲ್ಲಿ ಸಿಲಿಕಾ ಜೆಲ್ ನೀಲಿಯಾಗಿದೆಯೇ ನೋಡಿ. ಗುಲಾಬಿಗೆ ತಿರುಗಿದ್ದರೆ ಓವನ್‌ನಲ್ಲಿ ಒಣಗಿಸಿ ಮತ್ತೆ ಹಾಕಿ. ಅದಕ್ಕಿಂತ ಒಳ್ಳೆಯದು, ಪಾಲಿಶ್, ಎಚಿಂಗ್, ಫೋಟೋ ಮೂರನ್ನೂ ಒಂದೇ ದಿನ ಮುಗಿಸುವ ಹಾಗೆ ಮೈಕ್ರೋಸ್ಕೋಪ್ ಬುಕ್ ಮಾಡಿಕೊಳ್ಳುವುದು.

ಎಚಿಂಗ್

ಪಾಲಿಶ್ ಆದ ಮುಖದಲ್ಲಿ ಗ್ರೇನ್ ಗಡಿಗಳು ಕಾಣುವುದಿಲ್ಲ. ಆಮ್ಲದಿಂದ ಸ್ವಲ್ಪ ತಿನ್ನಿಸಬೇಕು. ಎಜೆಡ್31ಕ್ಕೆ ಎಲ್ಲರೂ ಬಳಸುವುದು ಅಸಿಟಿಕ್ ಪಿಕ್ರಾಲ್: 4.2 ಗ್ರಾಂ ಪಿಕ್ರಿಕ್ ಆಮ್ಲ, 10 ಮಿ.ಲೀ. ಅಸಿಟಿಕ್ ಆಮ್ಲ, 10 ಮಿ.ಲೀ. ನೀರು, 70 ಮಿ.ಲೀ. ಎಥನಾಲ್.

ಪಿಕ್ರಿಕ್ ಆಮ್ಲ ಒಣಗಿದರೆ ಸ್ಫೋಟಕ. ಬಾಟಲಿಯಲ್ಲಿ ಅದು ಯಾವಾಗಲೂ ಒದ್ದೆಯಾಗಿಯೇ ಇರಬೇಕು. ಮುಚ್ಚಳದ ಸುತ್ತ ಹಳದಿ ಹರಳು ಕಟ್ಟಿದ್ದರೆ ತಿರುಗಿಸಲು ಹೋಗಬೇಡಿ, ಅಲ್ಲೇ ಬಿಟ್ಟು ಸುರಕ್ಷತೆ ನೋಡಿಕೊಳ್ಳುವವರಿಗೆ ಹೇಳಿ. ಲೋಹದ ಚಮಚ ಬಳಸಬೇಡಿ, ಪ್ಲಾಸ್ಟಿಕ್‌ನದು ಸಾಕು. ಫ್ಯೂಮ್ ಹುಡ್ ಒಳಗೆ, ಕೈಗವಸು, ಕನ್ನಡಕ ಹಾಕಿಕೊಂಡೇ ಕಲಸಿ. ನಿಮ್ಮಲ್ಲಿ ಇದನ್ನು ಬಳಸಿ ಗೊತ್ತಿರುವವರು ಯಾರೂ ಇಲ್ಲದಿದ್ದರೆ 100 ಮಿ.ಲೀ. ಎಥನಾಲ್‌ಗೆ 2 ಮಿ.ಲೀ. ನೈಟ್ರಿಕ್ ಆಮ್ಲದ ನೈಟಾಲ್‌ನಿಂದ ಶುರು ಮಾಡಿ. ಎರಕದ ಎಜೆಡ್91ಕ್ಕೆ ಅದು ಚೆನ್ನಾಗಿಯೇ ನಡೆಯುತ್ತದೆ. ಅವತ್ತಿಗೆ ಬೇಕಾದಷ್ಟೇ ಕಲಸಿ, ಮುಚ್ಚಿದ ಬಾಟಲಿಯಲ್ಲಿ ಕೂಡಿಡಬೇಡಿ.

ಈಗ ಮುಖವನ್ನು ಮೇಲೆ ಮಾಡಿ ಇಕ್ಕಳದಲ್ಲಿ ಹಿಡಿದು ಅಸಿಟಿಕ್ ಪಿಕ್ರಾಲ್‌ಗೆ ಇಳಿಸಿ. ಕಣ್ಣು ತೆಗೆಯಬೇಡಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಕನ್ನಡಿಯ ಮೇಲೆ ಉಸಿರು ಬಿಟ್ಟ ಹಾಗೆ ಹೊಳಪು ಸ್ವಲ್ಪ ಮಸುಕಾಗುತ್ತದೆ, ಕೂಡಲೇ ತೆಳು ಕಂದು ಛಾಯೆ ಅಂಚಿನಿಂದ ಒಳಗೆ ಹರಡುತ್ತದೆ. ಛಾಯೆ ಕಂಡ ಕ್ಷಣ ತೆಗೆದು ಎಥನಾಲ್‌ಗೆ ಅದ್ದಿ. ಇಷ್ಟೆಲ್ಲ ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತದೆ. ಸ್ಟಾಪ್‌ವಾಚ್ ನಂಬಬೇಡಿ, ಬಣ್ಣ ನಂಬಿ. ದ್ರಾವಣ ಹೊಸದೋ ಹಳೆಯದೋ, ಕೋಣೆ ತಂಪೋ ಸೆಕೆಯೋ ಎನ್ನುವುದರ ಮೇಲೆ ಸಮಯ ಬದಲಾಗುತ್ತದೆ. ಕಡಿಮೆಯಾದರೆ ಮತ್ತೊಮ್ಮೆ ಅದ್ದಬಹುದು. ಜಾಸ್ತಿಯಾದರೆ 1 ಮೈಕ್ರಾನ್ ಬಟ್ಟೆಗೆ ವಾಪಸ್ ಹೋಗಬೇಕು.

ಅಲ್ಯೂಮಿನಿಯಂಗೆ ಪುಸ್ತಕಗಳು ಹೇಳುವುದು ಕೆಲ್ಲರ್ಸ್ ರಿಯೇಜೆಂಟ್. ಅದರಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇದೆ. ಚರ್ಮಕ್ಕೆ ತಾಗಿದಾಗ ನೋವು ತಡವಾಗಿ ಬರುತ್ತದೆ, ಅಷ್ಟರಲ್ಲಿ ಅದು ಒಳಕ್ಕೆ ಇಳಿದಿರುತ್ತದೆ. ಆ ಗಾಯಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆಟಕುವಲ್ಲಿ ಇಲ್ಲದಿದ್ದರೆ ಆ ಬಾಟಲಿ ತೆರೆಯಲೇಬೇಡಿ, ಒಬ್ಬರೇ ಇದ್ದಾಗಲಂತೂ ಬೇಡವೇ ಬೇಡ.

ನೋಡುವಾಗ

ಎರಕದ ಎಜೆಡ್91ನಲ್ಲಿ ಬೆಳ್ಳಗೆ ಹರಡಿರುವುದು ಮೆಗ್ನೀಸಿಯಂ. ಅದರ ಅಂಚಿನಲ್ಲಿ ಬಲೆಯ ಹಾಗೆ ಸುತ್ತಿರುವುದು ಬೀಟಾ, ಅಂದರೆ 17 ಮೆಗ್ನೀಸಿಯಂ ಪರಮಾಣುಗಳಿಗೆ 12 ಅಲ್ಯೂಮಿನಿಯಂ ಪರಮಾಣು ಸೇರಿದ ಸಂಯುಕ್ತ. ಈ ಬಲೆಯ ಪಕ್ಕದಲ್ಲಿ ಕಪ್ಪಾಗಿ ಕಾಣುವ ಜಾಗವನ್ನು ಹೆಚ್ಚಿನ ಮ್ಯಾಗ್ನಿಫಿಕೇಶನ್‌ನಲ್ಲಿ ನೋಡಿ. ಅಲ್ಲಿ ತೆಳುವಾದ ಪದರಗಳು ಒಂದರ ಪಕ್ಕ ಒಂದು ನಿಂತಿರುತ್ತವೆ. ಎರಕ ತಣ್ಣಗಾಗುವಾಗ ಗಟ್ಟಿ ಲೋಹದೊಳಗೇ ಹುಟ್ಟಿದ ಬೀಟಾ ಅದು. 437 ಡಿಗ್ರಿಯಲ್ಲಿ ಮೆಗ್ನೀಸಿಯಂ ಶೇ 12.7ರಷ್ಟು ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳಬಲ್ಲದು, ತಣ್ಣಗಾದಂತೆ ಅಷ್ಟು ಹಿಡಿಯಲಾಗುವುದಿಲ್ಲ, ಹೊರಗೆ ಹಾಕುತ್ತದೆ. ಅದೇ ತುಂಡನ್ನು 413 ಡಿಗ್ರಿಯಲ್ಲಿ ಸುಮಾರು ಒಂದು ದಿನ ಇಟ್ಟರೆ ಬಲೆ ಬಹುಪಾಲು ಕರಗಿಹೋಗುತ್ತದೆ. ಎರಡೂ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ನನಗೆ ಈಗಲೂ ಇಷ್ಟ.

ನಡುನಡುವೆ ಚಿಕ್ಕ, ಮೂಲೆ ಚೂಪಾದ ಕಣಗಳು ಸಿಗುತ್ತವೆ. ಅವನ್ನು ಕಸ ಎಂದು ತಳ್ಳಬೇಡಿ. ಅವು ಅಲ್ಯೂಮಿನಿಯಂ–ಮ್ಯಾಂಗನೀಸ್ ಕಣಗಳು. ಕಬ್ಬಿಣದ ಕಾಟ ತಡೆಯಲೆಂದೇ ಮ್ಯಾಂಗನೀಸ್ ಹಾಕಿರುತ್ತಾರೆ. ಎಜೆಡ್91ಡಿ ಎಂಬ ಶುದ್ಧ ದರ್ಜೆಯಲ್ಲಿ ಕಬ್ಬಿಣ ಶೇ 0.005 ದಾಟುವಂತಿಲ್ಲ, ನಿಕ್ಕಲ್ ಶೇ 0.002. ಅದಕ್ಕಿಂತ ಜಾಸ್ತಿಯಾದರೆ ಉಪ್ಪು ನೀರಿನಲ್ಲಿ ಲೋಹ ಬೇಗ ಕೊರೆದುಹೋಗುತ್ತದೆ.

ಇನ್ನು ಟ್ವಿನ್. “ಮೇಡಂ, ಎಷ್ಟೊಂದು ಟ್ವಿನ್ ಬಂದಿದೆ ನೋಡಿ!” ಎಂದು ಫೋನಿನಲ್ಲಿ ಫೋಟೋ ಹಿಡಿದುಕೊಂಡು ಖುಷಿಯಿಂದ ಓಡಿ ಬರುತ್ತಾರೆ. “ಇನ್ನೂ ನೂರು ಮೈಕ್ರಾನ್ ಕೆಳಗೆ ಹೋಗಿ ನೋಡಿದ್ದೀಯಾ?” ಎಂದು ಕೇಳುತ್ತೇನೆ. ಪರೀಕ್ಷೆ ಇಷ್ಟೇ. ಬಿಲ್ಲೆಯ ದಪ್ಪವನ್ನು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ನೂರು ಮೈಕ್ರಾನ್ ಕಡಿಮೆಯಾಗುವವರೆಗೆ ಮೆಲ್ಲಗೆ ಉಜ್ಜಿ. ಮೊದಲಿನಿಂದ ಪಾಲಿಶ್, ಎಚಿಂಗ್ ಮಾಡಿ. ಟ್ವಿನ್‌ಗಳು ಅಷ್ಟೇ ಇದ್ದರೆ ಅವು ಲೋಹದವು, ಧೈರ್ಯವಾಗಿ ಬರೆಯಿರಿ. ಕಡಿಮೆಯಾಗಿದ್ದರೆ ಮೊದಲು ಕಂಡದ್ದರಲ್ಲಿ ಗರಗಸದ ಪಾಲೂ ಇತ್ತು, ಇನ್ನೂ ಕೆಳಗೆ ಹೋಗಿ. ಅರ್ಧ ದಿನದ ಕೆಲಸ ಇದು. ನಿಮ್ಮದು ಸಂಕೋಚನ ಪರೀಕ್ಷೆಯಲ್ಲಿ ಒತ್ತಿದ ತುಂಡಾದರೆ, ಹಾಗೆ ಒತ್ತದ ಒಂದು ತುಂಡನ್ನೂ ಜೊತೆಗೆ ಅದೇ ರೀತಿ ತಯಾರಿಸಿದರೆ ಇನ್ನೂ ಒಳ್ಳೆಯದು. ಅದರಲ್ಲೂ ಟ್ವಿನ್ ತುಂಬಿದ್ದರೆ ಕೈಕೆಲಸವನ್ನೇ ಸರಿ ಮಾಡಬೇಕು.

ಗ್ರೇನ್ ಅಳೆಯಲು ಫೋಟೋ ಮೇಲೆ ಗೆರೆ ಎಳೆದು ಅದು ದಾಟುವ ಗಡಿಗಳನ್ನು ಎಣಿಸಿ. ಉದಾಹರಣೆಗೆ 500 ಮೈಕ್ರಾನಿನ ಐದು ಗೆರೆ ಅಂದರೆ ಒಟ್ಟು 2500 ಮೈಕ್ರಾನ್. ಅವು 200 ಗಡಿ ದಾಟಿದರೆ ಸರಾಸರಿ ಅಂತರ 12.5 ಮೈಕ್ರಾನ್. ಟ್ವಿನ್ ಅಂಚುಗಳನ್ನು ಇದರಲ್ಲಿ ಸೇರಿಸಬೇಡಿ, ಸೇರಿಸಿದರೆ ಗ್ರೇನ್ ಇದ್ದದ್ದಕ್ಕಿಂತ ಸಣ್ಣದಾಗಿ ಬರುತ್ತದೆ. ಇದು ಬರೀ ಅಂಕಿಯ ಹಠವಲ್ಲ. ಗ್ರೇನ್ ಸಣ್ಣದಾದಂತೆ ಲೋಹ ಗಟ್ಟಿಯಾಗುತ್ತದೆ, ಆ ಪರಿಣಾಮ ಮೆಗ್ನೀಸಿಯಂನಲ್ಲಿ ಅಲ್ಯೂಮಿನಿಯಂಗಿಂತ ಬಹಳ ಜೋರು. ಹಾಗಾಗಿ ಗ್ರೇನ್ ಅಳತೆ ತಪ್ಪಿದರೆ ಗಟ್ಟಿತನ ಎಲ್ಲಿಂದ ಬಂತು ಎನ್ನುವ ನಿಮ್ಮ ವಿವರಣೆಯೂ ತಪ್ಪುತ್ತದೆ.

ನೋಟ್‌ಬುಕ್‌ನಲ್ಲಿ ಪ್ರತಿ ತುಂಡಿಗೂ ಬರೆಯಬೇಕಾದದ್ದು: ಯಾವುದರಿಂದ ಕೊಯ್ದದ್ದು, ಎಷ್ಟು ಮೈಕ್ರಾನ್ ತೆಗೆದದ್ದು, ಯಾವ ಎಚಿಂಗ್ ದ್ರಾವಣ, ಅದನ್ನು ಕಲಸಿದ ತಾರೀಕು, ಯಾವ ಮುಖ. ಪೇಪರ್ ಬರೆಯುವಾಗಲೂ ಇದನ್ನು ಒಂದೇ ಸಾಲಿನಲ್ಲಿ ಮುಗಿಸದೆ ಪೂರ್ತಿ ಕೊಡಿ. ಬೇರೆ ಊರಿನ ಇನ್ನೊಬ್ಬರು ನಿಮ್ಮ ಫೋಟೋ ಮತ್ತೆ ತೆಗೆಯಲು ಹೊರಟಾಗ ಅವರಿಗೆ ಬೇಕಾಗುವುದು ಇದೇ.

ಮುಗಿದ ಮೇಲೆ ಬಳಸಿದ ಪಿಕ್ರಾಲ್ ಅನ್ನು ಸಿಂಕಿಗೆ ಸುರಿಯಬೇಡಿ. ಪಿಕ್ರಿಕ್ ಆಮ್ಲ ಲೋಹದ ಪೈಪಿನ ಜೊತೆ ಸೇರಿ ಇನ್ನೂ ಸೂಕ್ಷ್ಮವಾದ ಸ್ಫೋಟಕ ಲವಣಗಳಾಗಬಹುದು. ಅದಕ್ಕೆಂದೇ ಬೇರೆ ಬಾಟಲಿ ಇಡಿ, ಪ್ಲಾಸ್ಟಿಕ್ ಮುಚ್ಚಳ ಇರಲಿ, ಒಣಗದಂತೆ ನೋಡಿಕೊಳ್ಳಿ. ಮೇಲೆ ತಾರೀಕು, ನಿಮ್ಮ ಹೆಸರು ಬರೆದು ತ್ಯಾಜ್ಯ ಒಯ್ಯುವವರಿಗೆ ಕೈಯಾರೆ ಕೊಡಿ.